ಸೇನಾ ಶಿಕ್ಷಣಾಧಿಕಾರಿ

ಸೈನಿಕರಿಗೆ ಭಾಷೆ, ಲೆಕ್ಕ, ನಕ್ಷೆ ಓದುವಿಕೆ, ಚರಿತ್ರೆ, ಪ್ರಚಲಿತ ವಿದ್ಯಮಾನ ಮುಂತಾದವನ್ನು ಕಲಿಸುವ, ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ, ಬೋಧಕರನ್ನು ತಯಾರುಮಾಡುವ ಹೊಣೆ ಹೊತ್ತ ಸಮವಸ್ತ್ರಧಾರಿ ಅಧಿಕಾರಿ. ಭಾರತದಲ್ಲಿ ಈ ಅಧಿಕಾರಿಗಳು ಭೂಸೇನೆಯ ಶಿಕ್ಷಣ ದಳಕ್ಕೆ ಇಲ್ಲವೇ ನೌಕಾಪಡೆ, ವಾಯುಪಡೆಗಳ ಶಿಕ್ಷಣ ಶಾಖೆಗಳಿಗೆ ಸೇರಿರುತ್ತಾರೆ. ಭೂಸೇನೆಯ ದಳದ ಹೆಸರು ಆರ್ಮಿ ಎಜುಕೇಶನ್ ಕೋರ್. ಸೇನೆಯವರ ಬಾಯಲ್ಲಿ ಎಇಸಿ. ‘ವಿದ್ಯೈವ ಬಲಂ’ ಇದರ ಧ್ಯೇಯವಾಕ್ಯ. ಸಂಖ್ಯೆಯಲ್ಲಿ ಚಿಕ್ಕದಾದರೂ ಇದರ ಬೋಧಕರು ರೆಜಿಮೆಂಟುಗಳ ತರಬೇತಿ ಕೇಂದ್ರಗಳಿಂದ ಹಿಡಿದು ಅಧಿಕಾರಿಗಳ ಅಕಾಡೆಮಿಗಳವರೆಗೆ ಹರಡಿಕೊಂಡಿದ್ದಾರೆ.

ಸೇನೆಯಲ್ಲಿ ಕಲಿಸುವವರೆಲ್ಲರೂ ಶಿಕ್ಷಣಾಧಿಕಾರಿಗಳಲ್ಲ. ಬಂದೂಕು, ಕವಾಯತು, ಯುದ್ಧತಂತ್ರಗಳನ್ನು ಆಯಾ ಪಡೆಯ ಅಧಿಕಾರಿಗಳೂ ಉಸ್ತಾದರೂ ಕಲಿಸುತ್ತಾರೆ. ಮಹೂವಿನ ಇನ್‌ಫೆಂಟ್ರಿ ಸ್ಕೂಲ್, ಬೆಳಗಾವಿಯಲ್ಲಿರುವ ಅದರ ಜೂನಿಯರ್ ಲೀಡರ್ಸ್ ವಿಂಗ್, ಬೆಂಗಳೂರಿನ ಎಎಸ್‌ಸಿ ಸೆಂಟರ್ ಮುಂತಾದ ಕಡೆ ಬೋಧಿಸುವವರು ಪಲ್ಟನ್‌ನಿಂದ ಕೆಲವು ವರ್ಷಗಳ ಮಟ್ಟಿಗೆ ಬಂದು ಮತ್ತೆ ಪಲ್ಟನ್‌ಗೇ ಮರಳುವವರು. ಭೂಸೇನೆಯ ಒಟ್ಟು ತರಬೇತಿ ನೀತಿಯನ್ನು 1991ರಲ್ಲಿ ಸ್ಥಾಪನೆಯಾದ, ಈಗ ಶಿಮ್ಲಾದಲ್ಲಿರುವ ಸೇನಾ ತರಬೇತಿ ಕಮಾಂಡ್ ನೋಡಿಕೊಳ್ಳುತ್ತದೆ. ಪಲ್ಟನ್‌ನಿಂದ ಬಂದ ಬೋಧಕರಿಗೆಲ್ಲ ಬೋಧನೆ ಒಂದು ಪೋಸ್ಟಿಂಗ್ ಮಾತ್ರ. ಶಿಕ್ಷಣಾಧಿಕಾರಿಗೆ ಅದೇ ಇಡೀ ಸೇವಾವಧಿಯ ಕಸುಬು. ಕಾಲೇಜು ಅಧ್ಯಾಪಕರಾಗಿದ್ದುಕೊಂಡೇ ಕಮಿಷನ್ ಪಡೆದು ಎನ್‌ಸಿಸಿ ತುಕಡಿ ನಡೆಸುವವರು ಮೂರನೆಯ ಬಗೆ. ಅವರು ಸೇನೆಯ ನೌಕರರಲ್ಲ.

ಚರಿತ್ರೆ: ಹೋರಾಡುವವರ ನಡುವೆ ಒಬ್ಬ ಮೇಷ್ಟರನ್ನು ಇಡುವ ಪದ್ಧತಿ ಬ್ರಿಟಿಷ್ ನೌಕಾಪಡೆಯಲ್ಲಿ 1702ರಷ್ಟು ಹಿಂದೆಯೇ ಶುರುವಾಯಿತು. ಹಡಗಿನಲ್ಲಿದ್ದ ಹುಡುಗರಿಗೆ ಲೆಕ್ಕವನ್ನೂ ನೌಕಾಯಾನದ ಗಣಿತವನ್ನೂ ಹೇಳಿಕೊಡುವುದು ಅವನ ಕೆಲಸ. ಬ್ರಿಟಿಷ್ ಭೂಸೇನೆ 1846ರಲ್ಲಿ ಸೇನಾ ಶಾಲಾಮಾಸ್ತರರ ದಳವೊಂದನ್ನು ಕಟ್ಟಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಅದರ ಜಾಗಕ್ಕೆ ಶಿಕ್ಷಣ ದಳ ಬಂತು. ಭಾರತೀಯ ಸೇನೆಯ ಶಿಕ್ಷಣ ದಳ ತನ್ನ ಮೂಲವನ್ನು 1921ಕ್ಕೆ ಒಯ್ಯುತ್ತದೆ.

ಆ ಹೊತ್ತಿಗೆ ಇದರ ಅಗತ್ಯ ಕಣ್ಣಿಗೆ ಬಿದ್ದಿತ್ತು. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋಗಿದ್ದರು. ಅವರಲ್ಲಿ ಬಹುಪಾಲು ಓದುಬರಹ ಬಾರದ ರೈತಾಪಿ ಮಕ್ಕಳು. ಫ್ರಾನ್ಸಿನ ಕಂದಕಗಳಿಂದ ಊರಿಗೆ ಬಂದ ಕಾಗದಗಳಲ್ಲಿ ಎಷ್ಟೋ ಬೇರೊಬ್ಬರ ಕೈಯಿಂದ ಬರೆಸಿದವು, ಊರಿನಲ್ಲಿ ಮತ್ತೊಬ್ಬರ ಕೈಯಲ್ಲಿ ಓದಿಸಿಕೊಂಡವು, ನಡುವೆ ಸೆನ್ಸಾರ್ ಅಧಿಕಾರಿ ತೆರೆದು ನೋಡಿದವು. ಯುದ್ಧ ಮುಗಿದ ನಂತರದ ಸೇನೆಯಲ್ಲಿ ವೈರ್‌ಲೆಸ್, ಮೋಟಾರು ವಾಹನ, ಮೆಷಿನ್‌ಗನ್ ಹೆಚ್ಚಾದವು. ಬರೆದ ಆದೇಶ ಓದಲಾಗದ ನಾಯಕ್‌ನಿಂದ ಇವುಗಳ ಕೆಲಸ ನಡೆಯುವಂತಿರಲಿಲ್ಲ. ಬೋಧನೆಯ ಭಾಷೆಯಾಗಿ ಆಯ್ದದ್ದು ರೋಮನ್ ಉರ್ದುವನ್ನು, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹಿಂದುಸ್ತಾನಿಯನ್ನು. ಪಂಜಾಬಿ, ಗಢವಾಲಿ, ಮರಾಠಿ, ತಮಿಳು ಸಿಪಾಯಿಗಳಿಗೂ ಅವರ ಇಂಗ್ಲಿಷ್ ಅಧಿಕಾರಿಗೂ ಒಂದೇ ಪುಸ್ತಕ ಸಾಕಾಗುವಂತೆ ಮಾಡಿದ ಏರ್ಪಾಡು ಇದು. ಸಾಹಿತ್ಯದ ದೃಷ್ಟಿಯಿಂದ ಬಡ ಭಾಷೆ, ಆದರೆ ಕೆಲಸಕ್ಕೆ ಒದಗಿತು. 1909ರಲ್ಲಿ ಆರಂಭವಾದ ‘ಫೌಜಿ ಅಖ್ಬಾರ್’ ಪತ್ರಿಕೆಗೂ ಇದು ಓದುಗರನ್ನು ಒದಗಿಸಿತು. ಆ ಪತ್ರಿಕೆ ಈಗ ‘ಸೈನಿಕ್ ಸಮಾಚಾರ್’ ಎಂಬ ಹೆಸರಿನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬರುತ್ತದೆ.

ಭಾರತೀಯರನ್ನು ಅಧಿಕಾರಿಗಳಾಗಿ ತಯಾರುಮಾಡುವ ಪ್ರಯತ್ನವೂ ಇದೇ ಕಾಲದ್ದು. 1922ರಲ್ಲಿ ಡೆಹ್ರಾಡೂನಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮಿಲಿಟರಿ ಕಾಲೇಜು ತೆರೆಯಿತು. ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಕೊಡಗಿನ ಕೆ. ಎಸ್. ತಿಮ್ಮಯ್ಯ ಒಬ್ಬರು, ಮುಂದೆ ಭೂಸೇನೆಯ ಮುಖ್ಯಸ್ಥರಾದರು. ಕೊಡಗಿನವರೇ ಆದ ಕೆ. ಎಂ. ಕಾರ್ಯಪ್ಪ 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ.

ಎರಡನೆಯ ಮಹಾಯುದ್ಧದಲ್ಲಿ ಸೇನೆ ಸುಮಾರು 25 ಲಕ್ಷಕ್ಕೆ ಬೆಳೆದಾಗ ಶಿಕ್ಷಣ ದಳದ ಕೆಲಸದ ಸ್ವರೂಪವೇ ಬದಲಾಯಿತು. ಅಕ್ಷರಾಭ್ಯಾಸದ ಜೊತೆಗೆ ‘ಯಾಕೆ ಹೋರಾಡಬೇಕು’ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕಾಗಿ ಬಂತು. ಬ್ರಿಟನ್ನಿನಲ್ಲಿ 1941ರಿಂದ ತುಕಡಿಗಳಲ್ಲಿ ಪ್ರಚಲಿತ ವಿದ್ಯಮಾನಗಳ ವಾರದ ಚರ್ಚೆ ನಡೆಸಲಾಯಿತು. 1945ರ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆಲ್ಲಲು ಈ ಚರ್ಚೆಗಳೇ ಕಾರಣ ಎಂದು ಕನ್ಸರ್ವೇಟಿವರು ಗೊಣಗಿದರು. ಭಾರತೀಯ ಸೇನೆಯಲ್ಲಿ ಜಪಾನಿನ ಮತ್ತು ಆಜಾದ್ ಹಿಂದ್ ಫೌಜಿನ ಪ್ರಚಾರಕ್ಕೆ ಎದುರಾಗಿ ‘ಜೋಶ್’ ಗುಂಪುಗಳನ್ನು ಕಟ್ಟಲಾಯಿತು. ದಾಸ್ಯದಲ್ಲಿದ್ದ ದೇಶದ ಸಿಪಾಯಿಗೆ ಸ್ವಾತಂತ್ರ್ಯಕ್ಕಾಗಿ ನಡೆಯುವ ಯುದ್ಧದ ವಿಷಯ ಬೋಧಿಸುವುದು ಇಕ್ಕಟ್ಟಿನ ಕೆಲಸವೇ ಆಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ರೋಮನ್ ಲಿಪಿ ಕ್ರಮೇಣ ಹಿಂದೆ ಸರಿದು ದೇವನಾಗರಿಯ ಹಿಂದಿ ಬೋಧನಾ ಭಾಷೆಯಾಯಿತು.

ತರಬೇತಿ ಕೇಂದ್ರದಲ್ಲಿ: ದಕ್ಷಿಣದ ರಂಗರೂಟ್‌ಗೆ ಶಿಕ್ಷಣ ದಳದ ಮೊದಲ ಪರಿಚಯವಾಗುವುದು ಹಿಂದಿಯ ಮೂಲಕ. ಹಾವೇರಿಯಿಂದಲೋ ಧರ್ಮಪುರಿಯಿಂದಲೋ ಬಂದ ಹುಡುಗನಿಗೆ ಆದೇಶ, ಪಾಠ, ಪರೀಕ್ಷೆ ಎಲ್ಲವೂ ಹಿಂದಿಯಲ್ಲೇ ಎದುರಾಗುತ್ತವೆ. ‘ಸಾವಧಾನ್’, ‘ವಿಶ್ರಾಮ್’ಗಳನ್ನು ಕಾಲು ಬೇಗ ಕಲಿಯುತ್ತದೆ, ಉದ್ದದ ವಾಕ್ಯಗಳನ್ನು ಕಿವಿ ಕಲಿಯುವುದಕ್ಕೆ ತಿಂಗಳುಗಳು ಬೇಕು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಂತಹ ಕೇಂದ್ರಗಳಲ್ಲಿ ಈ ಅಂತರವನ್ನು ತುಂಬುವುದು ದೈನಂದಿನ ಕೆಲಸ.

ತರಗತಿಯಲ್ಲಿ ನಿಂತು ಪಾಠ ಮಾಡುವವರು ಹೆಚ್ಚಾಗಿ ಅಧಿಕಾರಿಗಳಲ್ಲ, ಎಜುಕೇಶನ್ ಹವಾಲ್ದಾರರು ಮತ್ತು ಅದೇ ದಳದ ಜೆಸಿಒಗಳು (ಜೂನಿಯರ್ ಕಮಿಷನ್ಡ್ ಅಧಿಕಾರಿಗಳು). ಹವಾಲ್ದಾರ್ ಎಜುಕೇಶನ್ ಹುದ್ದೆಗೆ ಬಿ.ಎಡ್. ಜೊತೆಗೆ ಪದವಿ ಅಥವಾ ಸ್ನಾತಕೋತ್ತರ ಪದವಿ ಇರುವವರನ್ನು ತೆಗೆದುಕೊಳ್ಳುತ್ತಾರೆ. ಸಿಪಾಯಿಯಾಗಿ ಸೇರಿ ಮೆಟ್ಟಿಲು ಹತ್ತದೆ ನೇರವಾಗಿ ಮೂರು ಪಟ್ಟಿ ಧರಿಸುವುದು ಇವರ ವಿಶೇಷ. ಅಧಿಕಾರಿ ಪಾಠಕ್ರಮ ಹಾಕುತ್ತಾನೆ, ಪರೀಕ್ಷೆ ನಡೆಸುತ್ತಾನೆ, ಬೋಧಕರ ಪಾಠ ಕೇಳಿ ತಿದ್ದುತ್ತಾನೆ, ತುಕಡಿಯ ಕಮಾಂಡರ್‌ಗೆ ಸಲಹೆ ಕೊಡುತ್ತಾನೆ. ನಾಯಕ್, ಹವಾಲ್ದಾರ್, ಜೆಸಿಒ ದರ್ಜೆಗಳಿಗೆ ಬಡ್ತಿ ಬೇಕಾದರೆ ಸೇನೆಯದೇ ಶಿಕ್ಷಣ ಪ್ರಮಾಣಪತ್ರಗಳನ್ನೂ ಮ್ಯಾಪ್ ರೀಡಿಂಗ್ ಪರೀಕ್ಷೆಗಳನ್ನೂ ದಾಟಬೇಕು. ಇವುಗಳಿಗೆ ಮೂರನೆಯ, ಎರಡನೆಯ, ಮೊದಲನೆಯ ದರ್ಜೆಗಳಿವೆ. ಮೂವತ್ತು ದಾಟಿದ, ಸಿಯಾಚಿನ್ ನೋಡಿ ಬಂದ ನಾಯಕ್ ಒಬ್ಬ ಪೆನ್ಸಿಲ್ ಹಿಡಿದು ಭಿನ್ನರಾಶಿ ಮಾಡುವುದು ಈ ತರಗತಿಗಳಲ್ಲಿ ಸಾಮಾನ್ಯ ನೋಟ. ಅವನ ಹಿರಿತನಕ್ಕೆ ಕುಂದು ಬಾರದಂತೆ ಕಲಿಸುವ ಜಾಣ್ಮೆ ಬಿ.ಎಡ್. ಪುಸ್ತಕದಲ್ಲಿ ಸಿಗುವಂಥದಲ್ಲ.

ನಕ್ಷೆ ಓದುವಿಕೆ: ಶಿಕ್ಷಣ ದಳದ ಕಸುಬಿನ ತಿರುಳು ಇದೇ ಎನ್ನಬಹುದು. ಮಿಕ್ಕ ಪಾಠಗಳಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ತುಕಡಿ ದಾರಿ ತಪ್ಪುತ್ತದೆ, ಫಿರಂಗಿಯ ಗುಂಡು ನಮ್ಮವರ ಮೇಲೇ ಬೀಳಬಹುದು. ರೂಢಿಯಲ್ಲಿರುವ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ನಕ್ಷೆಯ ಚೌಕಗಳ ಅಂಕಿಗಳನ್ನು, ಮೊದಲು ಪೂರ್ವದ ಕಡೆಗೆ ಆಮೇಲೆ ಉತ್ತರದ ಕಡೆಗೆ, ಓದಿ ಆರಂಕಿಯ ಗ್ರಿಡ್ ರೆಫರೆನ್ಸ್ ಕೊಟ್ಟರೆ 100 ಮೀಟರ್ ಅಗಲದ ಚೌಕ ಸಿಗುತ್ತದೆ, ಎಂಟಂಕಿ ಕೊಟ್ಟರೆ 10 ಮೀಟರಿನದು. ಈ ಕ್ರಮ ತಿರುವುಮುರುವಾದರೆ ತೋರಿಸಿದ ಜಾಗ ಕಣಿವೆಯ ಆಚೆಗೆ ಹೋಗಿರುತ್ತದೆ. ಹೊಸಬರು ಹೆಚ್ಚು ಮಾಡುವ ತಪ್ಪೂ ಇದೇ.

ಇದಕ್ಕಿಂತ ಕಷ್ಟದ್ದು ಸಮೋನ್ನತಿ ರೇಖೆಗಳನ್ನು ಕಣ್ಣಿನಲ್ಲಿ ಬೆಟ್ಟವಾಗಿ ಕಾಣುವುದು. 20 ಮೀಟರ್ ಅಂತರದ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಹಗುರ ಇಳಿಜಾರು. ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಅದಕ್ಕೇ ಮರಳಿನಲ್ಲಿ ಗುಡ್ಡ, ಕಣಿವೆ, ತೊರೆಗಳನ್ನು ಮಾಡಿ, ಅದೇ ನೆಲದ ನಕ್ಷೆಯನ್ನು ಪಕ್ಕದಲ್ಲಿ ಹಾಸಿ ತೋರಿಸುತ್ತಾರೆ. ಆಮೇಲೆ ನಿಜವಾದ ಗುಡ್ಡದ ಮುಂದೆ ನಿಲ್ಲಿಸುತ್ತಾರೆ. ದಿಕ್ಸೂಚಿ ಬಂದಾಗ ಭೂಮಿಯ ಉತ್ತರ, ಅಯಸ್ಕಾಂತದ ಉತ್ತರ, ನಕ್ಷೆಯ ಗೆರೆಯ ಉತ್ತರ ಬೇರೆ ಬೇರೆ ಎಂಬ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಒಂದು ಡಿಗ್ರಿ ತಪ್ಪಿಗೆ ಒಂದು ಕಿಲೋಮೀಟರಿನಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೇವೆ. ಐದು ಕಿಲೋಮೀಟರ್ ನಡೆದರೆ 87 ಮೀಟರ್. ರಾತ್ರಿ, ದೀಪವಿಲ್ಲದೆ, ಹೆಜ್ಜೆ ಎಣಿಸುತ್ತ ನಡೆಯುವ ತುಕಡಿಗೆ ಅಷ್ಟು ದೂರ ಸಾಕು, ಸೇರಬೇಕಾದ ಸೇತುವೆ ಸಿಗದೇ ಹೋಗಲು. ಎರಡು ಗೊತ್ತಿರುವ ಗುರುತುಗಳಿಂದ ಹಿಮ್ಮುಖ ಕೋನ ತೆಗೆದು ತಾನಿರುವ ಜಾಗವನ್ನು ನಕ್ಷೆಯಲ್ಲಿ ಪತ್ತೆಮಾಡುವುದು ಕೊನೆಯ ಪರೀಕ್ಷೆಗಳಲ್ಲೊಂದು.

ಉಪಗ್ರಹದಿಂದ ಸ್ಥಳ ತಿಳಿಸುವ ಉಪಕರಣಗಳು ಬಂದ ಮೇಲೂ ಈ ಪಾಠ ಕಡಿಮೆಯಾಗಿಲ್ಲ. ಬ್ಯಾಟರಿ ಮುಗಿಯುತ್ತದೆ; ಸಂಕೇತವನ್ನು ಶತ್ರು ತಡೆಯಬಲ್ಲ, ದಾರಿತಪ್ಪಿಸಲೂ ಬಲ್ಲ. ಕಲಿಸುವ ರೀತಿಯಲ್ಲಿ ಸೇನೆ ಹಳೆಯ ಕ್ರಮವನ್ನು ಬಿಟ್ಟಿಲ್ಲ: ಮೊದಲು ಉಸ್ತಾದನ ಬಯಾನ್ (ವಿವರಣೆ), ಜೊತೆಗೆ ನಮೂನಾ (ಮಾಡಿ ತೋರಿಸುವುದು), ಆಮೇಲೆ ಕಲಿಯುವವನ ಅಭ್ಯಾಸ, ಕೊನೆಗೆ ಪರೀಕ್ಷೆ. ವಿಶ್ವವಿದ್ಯಾಲಯದಿಂದ ಬಂದ ಹೊಸ ಶಿಕ್ಷಣಾಧಿಕಾರಿಗೆ ಮೊದಮೊದಲು ಇದು ಯಾಂತ್ರಿಕವಾಗಿ ಕಾಣುತ್ತದೆ. ದಣಿದ, ನಿದ್ದೆಗೆಟ್ಟ ಸೈನಿಕನಿಗೆ ನೆನಪಿನಲ್ಲಿ ಉಳಿಯುವುದು ಹೀಗೆ ಕಲಿತದ್ದೇ.

ಪಚ್ಮಢಿ: ದಳದ ತರಬೇತಿ ಕಾಲೇಜು ಮತ್ತು ಕೇಂದ್ರ ಮಧ್ಯಪ್ರದೇಶದ ಸಾತ್ಪುರ ಬೆಟ್ಟಗಳ ನಡುವಣ ಪಚ್ಮಢಿಯಲ್ಲಿದೆ. ಹೊಸ ಅಧಿಕಾರಿಗಳು, ಎಜುಕೇಶನ್ ಹವಾಲ್ದಾರರು ಇಲ್ಲೇ ಕಸುಬು ಕಲಿಯುತ್ತಾರೆ. ಚೀನಿಯಂತಹ ವಿದೇಶಿ ಭಾಷೆಗಳನ್ನು ಕಲಿಸುವ ವಿಭಾಗವೂ ಇಲ್ಲಿದೆ. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ 1948ರಿಂದ ವಿದೇಶಿ ಭಾಷೆಗಳ ಶಾಲೆ ಇದ್ದರೂ, ಗಡಿಯಲ್ಲಿ ಎದುರಿನವರ ಮಾತು ತಿಳಿಯುವವರ ಬೇಡಿಕೆ ಎರಡು ಸಂಸ್ಥೆಗಳನ್ನೂ ಮೀರಿದ್ದು. ಸೇನಾ ಬ್ಯಾಂಡುಗಳ ವಾದಕರನ್ನು ತಯಾರುಮಾಡುವ ಸಂಗೀತ ವಿಭಾಗ ಕೂಡ ಶಿಕ್ಷಣ ದಳದ ಆಶ್ರಯದಲ್ಲೇ ಪಚ್ಮಢಿಯಲ್ಲಿದೆ. ಗ್ರಿಡ್ ರೆಫರೆನ್ಸಿಗೂ ಕ್ಲ್ಯಾರಿನೆಟ್ಟಿಗೂ ಏನು ನಂಟು ಎಂದು ಕೇಳಬಹುದು. ಕಲಿಸುವುದೆಲ್ಲ ಒಂದೇ ಸೂರಿನಡಿ ಇರಲಿ ಎಂಬ ಆಡಳಿತದ ಲೆಕ್ಕಾಚಾರ ಇದರ ಹಿಂದಿದ್ದೀತು.

ಅಕಾಡೆಮಿಗಳು ಮತ್ತು ಶಾಲೆಗಳು: ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮತ್ತು ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಕೆಡೆಟ್‌ಗಳು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿಗೆ ಓದುತ್ತಾರೆ. ಅಲ್ಲಿ ನಾಗರಿಕ ಅಧ್ಯಾಪಕರ ಜೊತೆಗೆ ಶಿಕ್ಷಣಾಧಿಕಾರಿಗಳೂ ಪಾಠ ಹೇಳುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಓಡಿ ಬಂದ ಹುಡುಗರನ್ನು ಮಧ್ಯಾಹ್ನದ ಅರ್ಥಶಾಸ್ತ್ರದ ತರಗತಿಯಲ್ಲಿ ಎಚ್ಚರವಾಗಿಡುವುದು ಅಲ್ಲಿನ ಅಧ್ಯಾಪಕರ ಹಳೆಯ ಸಮಸ್ಯೆ.

ಕರ್ನಾಟಕಕ್ಕೆ ಈ ವೃತ್ತಿಯ ನೇರ ಪರಿಚಯ ಶಾಲೆಗಳ ಮೂಲಕ ಆಗಿದೆ. ಬೆಳಗಾವಿಯ ಮಿಲಿಟರಿ ಶಾಲೆ 1945ರಲ್ಲಿ, ಬೆಂಗಳೂರಿನದು 1946ರಲ್ಲಿ ಆರಂಭವಾದವು. ಎರಡೂ ಈಗ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಸಿಪಾಯಿಗಳ ಮಕ್ಕಳಿಗೆ ಒಳ್ಳೆಯ ವಿದ್ಯೆ ಸಿಗಲಿ ಎಂಬುದು ಈ ಬಗೆಯ ಶಾಲೆಗಳ ಮೂಲ ಉದ್ದೇಶವಾಗಿತ್ತು. ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದ 1961ರಲ್ಲಿ ಸೈನಿಕ ಶಾಲೆಗಳ ಯೋಜನೆ ಹೊರಟಿತು. 1963ರಲ್ಲಿ ವಿಜಯಪುರದಲ್ಲಿ, 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಸೈನಿಕ ಶಾಲೆಗಳು ಬಂದವು. ಇಂತಹ ಶಾಲೆಗಳ ಪ್ರಾಂಶುಪಾಲ ಹುದ್ದೆಗೆ ಮೂರೂ ಪಡೆಗಳ ಶಿಕ್ಷಣಾಧಿಕಾರಿಗಳು ಬರುವುದು ರೂಢಿ. ಇಲ್ಲಿ ಅಧಿಕಾರಿ ಮಕ್ಕಳ ಊಟ, ಹಾಸ್ಟೆಲ್, ಜ್ವರ, ಪೋಷಕರ ದೂರು, ರಾಜ್ಯ ಸರ್ಕಾರದ ಅನುದಾನ ಎಲ್ಲವನ್ನೂ ನಿಭಾಯಿಸಬೇಕು. ಸಮವಸ್ತ್ರದೊಳಗಿನ ಹುದ್ದೆಗಳಲ್ಲಿ ಇಷ್ಟು ಸ್ವತಂತ್ರವಾದದ್ದು ಶಿಕ್ಷಣಾಧಿಕಾರಿಗೆ ಬೇರೆ ಇಲ್ಲ.

ನೌಕಾಪಡೆ, ವಾಯುಪಡೆ: ನೌಕಾಪಡೆಯ ಶಿಕ್ಷಣ ಶಾಖೆಗೆ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಹಿನ್ನೆಲೆಯವರೇ ಹೆಚ್ಚು ಬೇಕು. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಹೊಸ ನಾವಿಕರಿಗೆ, ಲೋಣಾವಳದ ಐಎನ್‌ಎಸ್ ಶಿವಾಜಿ, ಜಾಮ್‌ನಗರದ ಐಎನ್‌ಎಸ್ ವಾಲ್ಸುರಾಗಳಲ್ಲಿ ತಂತ್ರಜ್ಞರಿಗೆ ಇವರು ಬುನಾದಿ ವಿಜ್ಞಾನ ಕಲಿಸುತ್ತಾರೆ. ಈ ಶಾಖೆಯಿಂದ ಹವಾಮಾನ ಮತ್ತು ಸಾಗರವಿಜ್ಞಾನದ ತಜ್ಞರಾದವರೂ ಇದ್ದಾರೆ. ಅಧಿಕಾರಿಗಳ ತರಬೇತಿ ಕೇರಳದ ಎಳಿಮಲದಲ್ಲಿ. ವಾಯುಪಡೆಯಲ್ಲಿ ಶಿಕ್ಷಣ ಶಾಖೆ ತಾಂತ್ರಿಕೇತರ ನೆಲಸೇವೆಗಳಲ್ಲೊಂದು. ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಮೈಸೂರಿನದೂ ಸೇರಿ ಹಲವು ಆಯ್ಕೆ ಮಂಡಳಿಗಳಲ್ಲೊಂದರಲ್ಲಿ ಸಂದರ್ಶನ, ಬಳಿಕ ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿ ಎಂಬುದು ದಾರಿ. ವಾಯುಸೈನಿಕರ ಮೊದಲ ಪಾಠಶಾಲೆ ಬೆಳಗಾವಿಯ ಸಾಂಬ್ರಾದಲ್ಲಿದೆ.

ಪ್ರವೇಶ ಮತ್ತು ಸೇವೆ: ಭೂಸೇನೆಯ ಶಿಕ್ಷಣ ದಳಕ್ಕೆ ಅಧಿಕಾರಿಯಾಗಿ ಸೇರಲು ಸಾಂಪ್ರದಾಯಿಕವಾಗಿ ಸ್ನಾತಕೋತ್ತರ ಪದವಿ ಬೇಕು. ಯಾವ ವಿಷಯಗಳಿಗೆ ಅವಕಾಶ, ಎಷ್ಟು ಹುದ್ದೆ, ವಯೋಮಿತಿ ಏನು ಎಂಬುದು ಆಯಾ ಅಧಿಸೂಚನೆಯಲ್ಲಿರುತ್ತದೆ. ಅರ್ಜಿ ಸಲ್ಲಿಸಿ ಆಯ್ಕೆಯಾದವರು ಎಸ್‌ಎಸ್‌ಬಿ ಎಂಬ ಸೇವಾ ಆಯ್ಕೆ ಮಂಡಳಿಯ ಪರೀಕ್ಷೆ ಎದುರಿಸಬೇಕು. ದಕ್ಷಿಣದವರಿಗೆ ಬೆಂಗಳೂರಿನ ಆಯ್ಕೆ ಕೇಂದ್ರ ಹತ್ತಿರದ್ದು. ಐದು ದಿನಗಳ ಈ ಪರೀಕ್ಷೆಯಲ್ಲಿ ವಿಷಯಜ್ಞಾನಕ್ಕೆ ಕೊಡುವ ಬೆಲೆ ಕಡಿಮೆ. ಚಿತ್ರ ನೋಡಿ ಕಥೆ ಬರೆಯುವ, ಪದ ಕಂಡೊಡನೆ ವಾಕ್ಯ ಬರೆಯುವ ಮನಶ್ಶಾಸ್ತ್ರದ ಪರೀಕ್ಷೆಗಳು, ಮೈದಾನದಲ್ಲಿ ಗುಂಪಿನ ಜೊತೆ ಮಾಡುವ ಕೆಲಸಗಳು, ಸಂದರ್ಶನ, ಇವು ಮೂರೂ ಸೇರಿ ತೀರ್ಮಾನವಾಗುತ್ತದೆ. ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವರು ಇಲ್ಲಿ ಸೋಲುವುದುಂಟು. ಆಯ್ಕೆಯಾದ ಮೇಲೆ ಡೆಹ್ರಾಡೂನ್ ಅಥವಾ ಚೆನ್ನೈ ಅಕಾಡೆಮಿಯಲ್ಲಿ ಬೇರೆಲ್ಲ ಪಡೆಗಳ ಕೆಡೆಟ್‌ಗಳ ಜೊತೆ ಅದೇ ಓಟ, ಅದೇ ಬಂದೂಕು, ಅದೇ ಹಗ್ಗ. ಮೇಷ್ಟರಾಗಲು ಬಂದವರೆಂಬ ರಿಯಾಯಿತಿ ಇಲ್ಲ.

2016ರ ಜನವರಿಯಿಂದ ಅನ್ವಯವಾದ ಏಳನೆಯ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ನ ಮೂಲವೇತನ ₹56,100ರಿಂದ ಆರಂಭ. ಅದರ ಮೇಲೆ ₹15,500ರ ಸೇನಾ ಸೇವಾ ವೇತನ ಮತ್ತು ಭತ್ಯೆಗಳು. 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುವುದು ಉಳಿದ ಪಡೆಗಳಲ್ಲಿದ್ದಂತೆಯೇ. ಅದರಾಚೆಗೆ ಆಯ್ಕೆಯ ಬಡ್ತಿ, ಮತ್ತು ಅಲ್ಲಿ ದಾರಿ ಕಿರಿದು: ದಳವೇ ಚಿಕ್ಕದು, ಅದರ ಮುಖ್ಯಸ್ಥನ ದರ್ಜೆ ಮೇಜರ್ ಜನರಲ್. ಪಲ್ಟನ್‌ನ ಕಮಾಂಡ್ ಇವರಿಗಿಲ್ಲ. ಸೇನೆಯ ಕಣ್ಣಿನಲ್ಲಿ ಗೌರವ ಬಹುಮಟ್ಟಿಗೆ ಕಮಾಂಡ್‌ನಿಂದ ಬರುವುದರಿಂದ, ಈ ಕೊರತೆ ಸಂಬಳದ ಲೆಕ್ಕಕ್ಕಿಂತ ಹೆಚ್ಚು ತಟ್ಟುತ್ತದೆ. ಇದಕ್ಕೆ ಎದುರಾಗಿ ಊರೂರು ಸುತ್ತಿದರೂ ಓದುಬರಹದ ನಂಟು ಕಡಿದುಹೋಗದ ಜೀವನ, ನಿವೃತ್ತಿಯ ಬಳಿಕ ಶಾಲಾ ಕಾಲೇಜುಗಳಲ್ಲಿ ನೇರವಾಗಿ ಸಲ್ಲುವ ಅನುಭವ ಇವರ ಪಾಲಿಗಿದೆ.

ಮಹಿಳೆಯರು: ಮಹಿಳಾ ಅಧಿಕಾರಿಗಳ ವಿಷಯದಲ್ಲಿ ಈ ಚಿಕ್ಕ ದಳ ದೊಡ್ಡ ಪಡೆಗಳಿಗಿಂತ ಮುಂದಿತ್ತು. ವೈದ್ಯಕೀಯದ ಹೊರಗೆ ಭೂಸೇನೆ 1992ರಲ್ಲಿ ಮಹಿಳೆಯರಿಗೆ ಅಲ್ಪಾವಧಿ ಕಮಿಷನ್ ತೆರೆದಾಗ ಶಿಕ್ಷಣ ದಳ ಮೊದಲ ಪಟ್ಟಿಯಲ್ಲೇ ಇತ್ತು. 2008ರಲ್ಲಿ ಕಾಯಂ ಕಮಿಷನ್ ಅವಕಾಶ ಸಿಕ್ಕಿದ್ದು ಕಾನೂನು ಶಾಖೆಗೆ ಮತ್ತು ಇದಕ್ಕೆ ಮಾತ್ರ. ಉಳಿದ ಎಂಟು ಶಾಖೆಗಳವರು 2020ರ ಫೆಬ್ರುವರಿ 17ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಬೋಧನೆ ಹೆಂಗಸರಿಗೆ ಒಗ್ಗುವ ಕೆಲಸ ಎಂಬ ಹಳೆಯ ಎಣಿಕೆಯೂ ಈ ಉದಾರತೆಯ ಹಿಂದೆ ಇರಲಿಲ್ಲ ಎನ್ನಲಾಗದು.

ಆ ಎಣಿಕೆಗೆ ಸಲ್ಲದ ಘಟನೆಯೊಂದು 2010ರ ಫೆಬ್ರುವರಿ 26ರಂದು ಕಾಬೂಲಿನಲ್ಲಿ ನಡೆಯಿತು. ಅಫ್ಘಾನ್ ಸೈನಿಕರಿಗೆ ಇಂಗ್ಲಿಷ್ ಕಲಿಸಲು ಭಾರತ ಕಳಿಸಿದ್ದ ಸೇನಾ ತಂಡದಲ್ಲಿ ಶಿಕ್ಷಣ ದಳದ ಮಿತಾಲಿ ಮಧುಮಿತಾ ಇದ್ದರು. ಭಾರತೀಯರು ಉಳಿದುಕೊಂಡಿದ್ದ ವಸತಿಗೃಹದ ಮೇಲೆ ಆತ್ಮಹತ್ಯಾ ದಾಳಿಯಾದಾಗ ಅವರು ನಿರಾಯುಧರಾಗಿಯೇ ಅಲ್ಲಿಗೆ ಧಾವಿಸಿ ಅವಶೇಷಗಳಡಿ ಸಿಕ್ಕಿಬಿದ್ದವರನ್ನು ಹೊರತೆಗೆದರು. 2011ರಲ್ಲಿ ಅವರಿಗೆ ಶೌರ್ಯಕ್ಕಾಗಿ ಸೇನಾ ಪದಕ ಸಂದಿತು. ಆ ಗೌರವ ಪಡೆದ ಮೊದಲ ಮಹಿಳಾ ಅಧಿಕಾರಿ ಅವರು.

ಅಗ್ನಿಪಥದ ನಂತರ: 2022ರ ಅಗ್ನಿಪಥ ಯೋಜನೆ ಶಿಕ್ಷಣ ದಳಕ್ಕೆ ಹೊಸ ಬಗೆಯ ವಿದ್ಯಾರ್ಥಿಯನ್ನು ತಂದಿದೆ. ಈ ಯೋಜನೆಯಡಿ ಸೇರುವ ಅಗ್ನಿವೀರನ ಅವಧಿ ತರಬೇತಿಯೂ ಸೇರಿ 4 ವರ್ಷ. ಆಮೇಲೆ ಸೇನೆಯಲ್ಲಿ ಉಳಿಯುವವರ ಪ್ರಮಾಣ ಶೇ. 25ರವರೆಗೆ ಎಂದು ಯೋಜನೆ ಹೇಳಿತು. ಹತ್ತನೆಯ ತರಗತಿ ಮುಗಿಸಿ ಬಂದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ, ಸೇನೆಯಲ್ಲಿ ಕಲಿತ ಕೌಶಲಕ್ಕೆ ಅರ್ಧದಷ್ಟು ಕ್ರೆಡಿಟ್ ನೀಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದವಿ, ಹೀಗೆ ಎರಡು ಏರ್ಪಾಡುಗಳನ್ನು ಆಗಲೇ ಪ್ರಕಟಿಸಲಾಯಿತು. ಹಿಂದೆ ಹದಿನೈದು ವರ್ಷಗಳಲ್ಲಿ ಹರಡಿಕೊಳ್ಳುತ್ತಿದ್ದ ಭಾಷೆ, ಲೆಕ್ಕ, ನಕ್ಷೆಯ ಪಾಠಗಳನ್ನು ಈಗ ಕೆಲವೇ ತಿಂಗಳುಗಳ ತರಬೇತಿಯಲ್ಲೂ ಗಡಿಯ ಪೋಸ್ಟಿಂಗಿನ ಬಿಡುವಿನಲ್ಲೂ ಹೊಂದಿಸಬೇಕಾಗಿದೆ. ಇವರಲ್ಲಿ ಮುಕ್ಕಾಲು ಪಾಲು ಮಂದಿ ನಾಲ್ಕು ವರ್ಷದ ಬಳಿಕ ನಾಗರಿಕ ಉದ್ಯೋಗ ಹುಡುಕುವವರಾದ್ದರಿಂದ, ಹೊರಗಿನ ಪ್ರಮಾಣಪತ್ರಕ್ಕೆ ಅವರನ್ನು ಸಿದ್ಧಗೊಳಿಸುವುದೂ ಸೇನೆಯ ಶಿಕ್ಷಣ ಕಾರ್ಯದ ಭಾಗವಾಗಿದೆ.